ಮಾವ ತೋರಿಸಿದ ಎರೆಹುಳು

ಡಾರ್ವಿನ್ ಬೀಗಲ್ ಹಡಗಿನಲ್ಲಿ ಇದ್ದದ್ದು 5 ವರ್ಷ. ಡೌನ್ ಹೌಸ್ ಎಂಬ ಮನೆಯಲ್ಲಿ ಹೆಂಡತಿ ಮಕ್ಕಳ ಜೊತೆ ಇದ್ದದ್ದು 40 ವರ್ಷ. ಪಿಯುಸಿ ಮಕ್ಕಳಿಗೆ 28 ವರ್ಷ ಜೀವಶಾಸ್ತ್ರ ಕಲಿಸಿದ ನಾನು ಆ 5 ವರ್ಷದ ಕತೆಯನ್ನೇ ಹೇಳಿಕೊಂಡು ಬಂದೆ. ಹಡಗು, ಗಲಾಪಗೋಸ್ ದ್ವೀಪ, ಫಿಂಚ್ ಹಕ್ಕಿಗಳ ಕೊಕ್ಕು, ಆಮೇಲೆ ನೈಸರ್ಗಿಕ ಆಯ್ಕೆ, ಅಂದರೆ ಪರಿಸರಕ್ಕೆ ಹೊಂದಿಕೊಂಡ ಜೀವಿಗಳೇ ಹೆಚ್ಚು ಉಳಿದು ಬೆಳೆಯುತ್ತವೆ ಎಂಬ ವಿಚಾರ. ಪರೀಕ್ಷೆಗೆ ಅಷ್ಟು ಸಾಕಾಗುತ್ತಿತ್ತು. ಉಳಿದ 40 ವರ್ಷ ಅವನು ಏನು ಮಾಡಿದ ಅಂತ ಯಾವ ಹುಡುಗಿಯೂ ಕೇಳಲಿಲ್ಲ, ನನಗೂ ಹೇಳಬೇಕು ಅನ್ನಿಸಲಿಲ್ಲ.

ನಿವೃತ್ತಿಯಾದ ಮೇಲೆ ಮಗಳ ಬಾಣಂತನಕ್ಕೆ ಅಂತ ಲಂಡನ್ನಿಗೆ ಹೋದೆ. ಮಗುವಿಗೆ 4 ತಿಂಗಳು ತುಂಬಿದ ಮೇಲೆ, ಅಕ್ಟೋಬರಿನ ಒಂದು ಶನಿವಾರ ಮಗಳು, "ಅಮ್ಮಾ, ಬಂದಾಗಿನಿಂದ ಅಡುಗೆಮನೆ ಬಿಟ್ಟು ನೀನು ಏನೂ ನೋಡಿಲ್ಲ. ಎಲ್ಲಿಗೆ ಹೋಗೋಣ ಹೇಳು" ಅಂದಳು. ಅರಮನೆ, ಸೇತುವೆ ನೋಡುವ ಆಸೆ ನನಗೆ ಇರಲಿಲ್ಲ. ಡಾರ್ವಿನ್ ಮನೆಗೆ ಹೋಗೋಣ ಅಂದೆ. ರೈಲಿನಲ್ಲಿ ಬ್ರಾಮ್ಲಿಗೆ ಹೋಗಿ, ಅಲ್ಲಿಂದ 146ನೇ ನಂಬರಿನ ಬಸ್ ಹತ್ತಿದೆವು. ಸ್ವಲ್ಪ ಹೊತ್ತಿಗೆ ಊರು ಕಳೆದು ಬೇಲಿಗಳು ಶುರುವಾದವು. ಆಮೇಲೆ ಎರಡು ಬಸ್ಸು ಎದುರಾದರೆ ಒಂದು ಹಿಂದಕ್ಕೆ ಹೋಗಲೇಬೇಕಾದಷ್ಟು ಕಿರಿದಾದ ರಸ್ತೆ. ಡೌನ್ ಒಂದು ಸಣ್ಣ ಹಳ್ಳಿ. ಒಂದು ಚರ್ಚು, ನಾಲ್ಕಾರು ಮನೆ ದಾಟಿದರೆ ಹೊಲ.

ತರಗತಿಯಲ್ಲಿ ನಾನು ಯಾವಾಗಲೂ 'ಡಾರ್ವಿನ್ ಹೇಳಿದರು', 'ಡಾರ್ವಿನ್ ಬರೆದರು' ಅಂತಲೇ ಅನ್ನುತ್ತಿದ್ದೆ. ಆ ಮನೆ ನೋಡಿದ ಮೇಲೆ ಬಹುವಚನ ಬಾಯಿಗೆ ಬರುತ್ತಿಲ್ಲ. ಮನೆಯವರನ್ನು ನಾವು ಹೇಗೆ ಕರೆಯುತ್ತೇವೋ ಹಾಗೇ ಬರುತ್ತಿದೆ. ಇಲ್ಲೂ ಹಾಗೇ ಬರೆಯುತ್ತೇನೆ.

ಮೊದಲು ಮಾವನ ವಿಷಯ ಹೇಳಬೇಕು.

ಡಾರ್ವಿನ್ ಹೆಂಡತಿ ಎಮ್ಮಾ ಅವನಿಗೆ 'ಕಸಿನ್' ಅಂತ ಇಂಗ್ಲಿಷ್ ಪುಸ್ತಕಗಳಲ್ಲಿ ಬರೆದಿರುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ನಮ್ಮ ಮಾತಿನಲ್ಲಿ ಹೇಳಿದರೆ ಎಲ್ಲಾ ಸ್ಪಷ್ಟ. ಎಮ್ಮಾ ಅವನ ಸೋದರಮಾವನ ಮಗಳು. ಡಾರ್ವಿನ್ ತಾಯಿ ಸುಸಾನಾ ತೀರಿಕೊಂಡಾಗ ಅವನಿಗೆ 8 ವರ್ಷ. ತಾಯಿಯ ಮುಖವೂ ಅವನಿಗೆ ಸರಿಯಾಗಿ ನೆನಪಿರಲಿಲ್ಲ. ಅವಳ ಕಪ್ಪು ಮಖಮಲ್ಲಿನ ಗೌನು, ಅವಳು ಕೆಲಸ ಮಾಡುತ್ತಿದ್ದ ಮೇಜು, ಸತ್ತು ಮಲಗಿದ್ದ ಹಾಸಿಗೆ, ಇಷ್ಟೇ ನೆನಪು ಅಂತ ಮುದಿವಯಸ್ಸಿನಲ್ಲಿ ಬರೆದುಕೊಂಡಿದ್ದಾನೆ. ಅಪ್ಪ ಶ್ರೂಸ್‌ಬರಿಯ ದೊಡ್ಡ ಡಾಕ್ಟರು, ಗಂಭೀರ ಮನುಷ್ಯ. ತಾಯಿಯ ತಮ್ಮ ಜೊಸಾಯಾ ವೆಡ್ಜ್‌ವುಡ್ ಮನೆ ಮಾತ್ರ ಬೇರೆ ತರ. ಪಿಂಗಾಣಿಗೆ ಹೆಸರಾದ ಆ ವೆಡ್ಜ್‌ವುಡ್ ಮನೆತನವೇ. ಮೇರ್ ಎಂಬ ಊರಲ್ಲಿ ಅವರ ಮನೆ. ಎದುರಿಗೆ ಕೆರೆ, ಮನೆ ತುಂಬ ಮಕ್ಕಳು. ರಜೆ ಬಂದರೆ ಹುಡುಗ ಅಲ್ಲಿಗೇ ಓಡುತ್ತಿದ್ದ. ತಾಯಿ ಇಲ್ಲದ ಮಗುವಿಗೆ ಸೋದರಮಾವನ ಮನೆ ಅಂದರೆ ಏನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

1831ರಲ್ಲಿ ಬೀಗಲ್ ಹಡಗಿಗೆ ಕರೆ ಬಂತು. ಅಪ್ಪ ಬೇಡವೇ ಬೇಡ ಅಂದ. ಬುದ್ಧಿ ಇರುವ ಒಬ್ಬನಾದರೂ ಹೋಗು ಅಂದರೆ ಒಪ್ಪುತ್ತೇನೆ ಅಂತ ಒಂದು ಮಾತು ಸೇರಿಸಿದ. ಹುಡುಗ ಅಪ್ಪನ 8 ಆಕ್ಷೇಪಣೆಗಳನ್ನೂ ಪಟ್ಟಿ ಮಾಡಿ ಮಾವನ ಕೈಗೆ ಕೊಟ್ಟ. ಮಾವ ಒಂದೊಂದಕ್ಕೂ ಉತ್ತರ ಬರೆದ. ಅಷ್ಟಕ್ಕೇ ಬಿಡಲಿಲ್ಲ, ತಾನೇ ಅವನನ್ನು ಕೂರಿಸಿಕೊಂಡು ಶ್ರೂಸ್‌ಬರಿಗೆ ಹೋಗಿ ಭಾವನನ್ನು ಒಪ್ಪಿಸಿದ.

ಹಡಗಿನ ಪ್ರಯಾಣ ಮುಗಿಸಿ ಬಂದ ಮೇಲೆ 1837ರಲ್ಲಿ ಅಳಿಯನನ್ನು ತನ್ನ ಹೊಲಕ್ಕೆ ಕರೆದುಕೊಂಡು ಹೋದವನೂ ಅದೇ ಮಾವ. ವರ್ಷಗಳ ಹಿಂದೆ ಹೊಲದ ಮೇಲೆ ಹರಡಿದ್ದ ಸುಣ್ಣ, ಕೆಂಡದ ಬೂದಿ ಈಗ ಮೇಲೆ ಕಾಣುವುದಿಲ್ಲ. ಅಗೆದರೆ ಕೆಲವು ಇಂಚು ಕೆಳಗೆ ಒಂದೇ ಮಟ್ಟಕ್ಕೆ ಗೆರೆ ಎಳೆದ ಹಾಗೆ ಸಿಗುತ್ತದೆ. ಯಾರೂ ಉತ್ತಿಲ್ಲ. ಮತ್ತೆ ಹೇಗೆ ಕೆಳಗೆ ಹೋಯಿತು? ಎರೆಹುಳುಗಳು ಕೆಳಗಿನ ಮಣ್ಣು ತಿಂದು ಮೇಲೆ ತಂದು ಹಾಕುತ್ತವೆ, ಅದಕ್ಕೇ ಇರಬೇಕು ಅಂದ ಮಾವ. ಪ್ರಪಂಚ ಸುತ್ತಿ ಬಂದ ಹುಡುಗ ಆ ಮಾತನ್ನು ಹಗುರವಾಗಿ ತಗೊಳ್ಳಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದಲ್ಲಿ ಅದರ ಮೇಲೆ ಪ್ರಬಂಧ ಓದಿದ.

1839ರ ಜನವರಿ 29ರಂದು ಆ ಮಾವನೇ ಮಗಳನ್ನೂ ಕೊಟ್ಟ. ನಾವು ಸೋದರಮಾವನಿಗೂ ಹೆಣ್ಣು ಕೊಟ್ಟವನಿಗೂ ಮಾವ ಅಂತಲೇ ಅನ್ನುತ್ತೇವಲ್ಲ, ಇಲ್ಲಿ ಆ ಎರಡೂ ಒಬ್ಬನೇ.

ಮದುವೆಗೆ ಮುಂಚೆ ಡಾರ್ವಿನ್ ಒಂದು ಚೀಟಿ ಬರೆದಿದ್ದ. ಒಂದು ಕಡೆ 'ಮದುವೆ ಆದರೆ', ಇನ್ನೊಂದು ಕಡೆ 'ಆಗದಿದ್ದರೆ'. ಸಮಯ ಹಾಳು, ಪುಸ್ತಕ ಕೊಳ್ಳಲು ದುಡ್ಡು ಕಡಿಮೆ ಅಂತ ಒಂದು ಕಡೆ. ಮಕ್ಕಳು, ಮುಪ್ಪಿನಲ್ಲಿ ಜೊತೆ, ಏನೇ ಆಗಲಿ ನಾಯಿಗಿಂತ ವಾಸಿ ಅಂತ ಇನ್ನೊಂದು ಕಡೆ. ಈ ನಾಯಿಯ ಮಾತನ್ನು ಹಿಡಿದುಕೊಂಡು ನಗುವವರು ಜಾಸ್ತಿ. ನನಗೆ ಅದಕ್ಕಿಂತ ಆ ಚೀಟಿಯ ಇನ್ನೊಂದು ಸಾಲು ಮನಸ್ಸಿಗೆ ತಾಗುತ್ತದೆ. ಕೆಲಸಗಾರ ಜೇನಿನ ಹಾಗೆ ಇಡೀ ಜನ್ಮ ದುಡಿದು ದುಡಿದು ಕೊನೆಗೆ ಏನೂ ಇಲ್ಲ ಅಂದರೆ ಸಹಿಸುವುದು ಹೇಗೆ ಅಂತ ಕೇಳಿಕೊಂಡಿದ್ದಾನೆ. ತನ್ನ ಒಂಟಿತನ ಹೇಳುವಾಗಲೂ ಅವನಿಗೆ ನೆನಪಾದದ್ದು ಒಂದು ಹುಳ. ಕೊನೆಗೆ ಮದುವೆ, ಮದುವೆ, ಮದುವೆ ಅಂತ ಮೂರು ಸಲ ಬರೆದು ಮುಗಿಸಿದ್ದಾನೆ.

1842ರ ಸೆಪ್ಟೆಂಬರಿನಲ್ಲಿ ಗಂಡ ಹೆಂಡತಿ ಡೌನ್ ಹೌಸ್‌ಗೆ ಬಂದರು. ಅವರಿಗೆ ಒಟ್ಟು 10 ಮಕ್ಕಳಾದವು. ಬದುಕಿ ದೊಡ್ಡವರಾದದ್ದು 7.

ಒಳಗೆ ಕಾಲಿಟ್ಟರೆ ಅವನು ಓದುತ್ತಿದ್ದ ಕೋಣೆ ನೆಲಮಹಡಿಯಲ್ಲೇ ಇದೆ. ಚಕ್ರ ಹಾಕಿದ ಕುರ್ಚಿ. ಕುರ್ಚಿಯ ಎರಡು ಕೈಗಳ ಮೇಲೆ ಒಂದು ಹಲಗೆ ಅಡ್ಡ ಇಟ್ಟುಕೊಂಡು ಬರೆಯುತ್ತಿದ್ದ. ಮೂಲೆಯಲ್ಲಿ ಪರದೆಯ ಹಿಂದೆ ಬೇಸಿನ್ನು. ಅವನಿಗೆ ಆರೋಗ್ಯ ಯಾವತ್ತೂ ಸರಿ ಇರಲಿಲ್ಲ. ವಾಂತಿ, ಎದೆ ಹೊಡೆದುಕೊಳ್ಳುವುದು, ಸುಸ್ತು. ದಿನಕ್ಕೆ ಮೂರು ನಾಲ್ಕು ಗಂಟೆ ಕೆಲಸ ಮಾಡಿದರೆ ಅದೇ ದೊಡ್ಡದು. ಆ ಮೂರು ಗಂಟೆಗಳಲ್ಲೂ ಮಕ್ಕಳು ಒಳಗೆ ಬರುತ್ತಲೇ ಇದ್ದರು. ದಾರ ಬೇಕು, ಕತ್ತರಿ ಬೇಕು, ಗಾಯಕ್ಕೆ ಪಟ್ಟಿ ಬೇಕು. ನಾಲ್ಕು ವರ್ಷದ ಒಬ್ಬ ಮಗ, ಕೆಲಸ ಬಿಟ್ಟು ಆಡೋಕೆ ಬಂದರೆ ಆರು ಪೆನ್ನಿ ಕೊಡ್ತೀನಿ ಅಂತ ಅಪ್ಪನಿಗೇ ಲಂಚ ತೋರಿಸಿದನಂತೆ. ಅಪ್ಪನ ಕೆಲಸದ ಹೊತ್ತು ಪವಿತ್ರ ಅಂತ ಎಲ್ಲರಿಗೂ ಗೊತ್ತಿತ್ತು, ಆದರೆ ಆರು ಪೆನ್ನಿಯನ್ನು ಬೇಡ ಅನ್ನುವವರೂ ಇರುತ್ತಾರೆ ಅಂದುಕೊಂಡಿರಲಿಲ್ಲ ಅಂತ ಮಗಳು ಹೆನ್ರಿಯೆಟ್ಟಾ ಬರೆದಿದ್ದಾಳೆ.

ಮೆಟ್ಟಿಲ ಮೇಲೆ ಹಾಕಿ ಜಾರಲು ಮಾಡಿಸಿದ ಮರದ ಹಲಗೆ ಇನ್ನೂ ಇದೆ. ನನ್ನ ಮಗಳು ಅದನ್ನೇ ತುಂಬ ಹೊತ್ತು ನೋಡಿದಳು. ಆ ಕಾಲದ ದೊಡ್ಡ ಮನೆಗಳಲ್ಲಿ ಮಕ್ಕಳು ದನಿ ಎತ್ತುವ ಹಾಗಿರಲಿಲ್ಲ ಅಂತ ಓದಿದ್ದೇವಲ್ಲ. ಇಲ್ಲಿ ಗದ್ದಲವೋ ಗದ್ದಲ.

ಮಕ್ಕಳು ಸುಮ್ನೆ ಆಡಿಕೊಂಡು ಇರಲಿಲ್ಲ, ಅಪ್ಪನ ಕೆಲಸಕ್ಕೂ ಸೇರುತ್ತಿದ್ದರು. 1846ರಿಂದ 8 ವರ್ಷ ಡಾರ್ವಿನ್ ಬಾರ್ನಕಲ್ ಎಂಬ, ಸಮುದ್ರದ ಬಂಡೆಗಳಿಗೆ ಅಂಟಿಕೊಂಡಿರುವ ಚಿಪ್ಪಿನ ಪ್ರಾಣಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಕೂತ. ಹುಟ್ಟಿದಾಗಿನಿಂದ ಅದನ್ನೇ ಕಂಡ ಒಂದು ಮಗು ಪಕ್ಕದ ಮನೆಯವರ ಬಗ್ಗೆ, "ಹಾಗಾದರೆ ಅವರು ಬಾರ್ನಕಲ್ ಎಲ್ಲಿ ಮಾಡುತ್ತಾರೆ?" ಅಂತ ಕೇಳಿತ್ತು. ಎಲ್ಲಾ ಅಪ್ಪಂದಿರೂ ಅದನ್ನೇ ಮಾಡುತ್ತಾರೆ ಅಂದುಕೊಂಡಿತ್ತು. ಬೀಜಗಳು ಸಮುದ್ರ ದಾಟಿ ಬೇರೆ ದ್ವೀಪಕ್ಕೆ ಹೋಗಿ ಮೊಳೆಯಬಲ್ಲವೇ ಅಂತ ನೋಡಲು 1855ರಲ್ಲಿ ಡಾರ್ವಿನ್ ಮನೆಯಲ್ಲೇ ಉಪ್ಪುನೀರಿನಲ್ಲಿ ಬೀಜ ನೆನೆಹಾಕಿದ. ಸಸ್ಯವಿಜ್ಞಾನಿ ಗೆಳೆಯ ಹುಕರ್‌ಗೆ ಅವು ಬದುಕುತ್ತವೆ ಅನ್ನುವ ನಂಬಿಕೆ ಇರಲಿಲ್ಲ. ಮಕ್ಕಳಿಗೆ ಒಂದೇ ಚಿಂತೆ. ಅಪ್ಪಾ, ನೀನು ಡಾಕ್ಟರ್ ಹುಕರನ್ನ ಸೋಲಿಸ್ತೀಯಾ?

ತೋಟದಲ್ಲಿ ಗಂಡು ಬಂಬಲ್ ದುಂಬಿಗಳು ದಿನಾ ಒಂದೇ ದಾರಿಯಲ್ಲಿ ಹಾರುತ್ತವೆ, ಕೆಲವು ಜಾಗಗಳಲ್ಲಿ ನಿಂತು ಗುಂಯ್‌ಗುಟ್ಟಿ ಮುಂದೆ ಹೋಗುತ್ತವೆ ಅಂತ ಕಂಡಾಗ ಡಾರ್ವಿನ್ ಐದಾರು ಮಕ್ಕಳನ್ನು ಒಂದೊಂದು ಜಾಗದಲ್ಲಿ ನಿಲ್ಲಿಸಿದ. ದುಂಬಿ ಬಂದ ಕೂಡಲೇ 'ಇಲ್ಲಿ ಬಂತು' ಅಂತ ಕೂಗಬೇಕು. ಬೇಲಿಯುದ್ದಕ್ಕೂ ಕೂಗು ಒಬ್ಬರಿಂದ ಒಬ್ಬರಿಗೆ ದಾಟಿ, ಕೊನೆಗೆ ಅಪ್ಪನ ಹತ್ತಿರ ಬರುತ್ತಿತ್ತು. ಇದು ಆಟವೋ ಪ್ರಯೋಗವೋ ಅಂತ ನೀವು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಆ ಮಕ್ಕಳಿಗೂ ಗೊತ್ತಿರಲಿಕ್ಕಿಲ್ಲ.

ಇನ್ನೊಂದು ಸಂಗತಿ. ಜೀವಿಗಳ ಹುಟ್ಟಿನ ಬಗ್ಗೆ 1859ರಲ್ಲಿ ಬಂದ ಆ ದೊಡ್ಡ ಪುಸ್ತಕದ ಹಸ್ತಪ್ರತಿ ಹೆಚ್ಚಿನದು ಈಗ ಉಳಿದಿಲ್ಲ. ಪುಸ್ತಕ ಅಚ್ಚಾದ ಮೇಲೆ ಹಾಳೆಗಳನ್ನು ಮಕ್ಕಳಿಗೆ ಗೀಚಲು ಕೊಟ್ಟುಬಿಟ್ಟಿದ್ದ. ಉಳಿದಿರುವ ಕೆಲವು ಹಾಳೆಗಳು ಉಳಿದದ್ದು ಹಿಂಬದಿಯಲ್ಲಿ ಮಕ್ಕಳು ಬರೆದ ಚಿತ್ರಗಳಿಂದಾಗಿ. ಅದರಲ್ಲಿ ಒಂದು, ಹಣ್ಣು ತರಕಾರಿಗಳ ಮೇಲೆ ಸವಾರಿ ಮಾಡುವ ಸೈನಿಕರ ಯುದ್ಧ. ಅಮ್ಮ ಎತ್ತಿಟ್ಟದ್ದು ಮಕ್ಕಳ ಚಿತ್ರವನ್ನು. ಜೊತೆಗೆ ಹಿಂದಿನ ಬರಹವೂ ಉಳಿಯಿತು.

ಈಗ ಆನಿ.

ಇದನ್ನು ಬರೆಯಲು ನಾನು ಹಿಂದೆಮುಂದೆ ನೋಡುತ್ತಿದ್ದೆ. ಆದರೆ ಆನಿಯನ್ನು ಬಿಟ್ಟರೆ ಈ ಮನುಷ್ಯನನ್ನು ನೆನೆದ ಹಾಗಾಗುವುದಿಲ್ಲ.

ಆನಿ ಎರಡನೇ ಮಗು, ಮೊದಲ ಹೆಣ್ಣುಮಗು. 1841ರ ಮಾರ್ಚ್ 2ರಂದು ಹುಟ್ಟಿದಳು. ಅಪ್ಪನ ನಶ್ಯದ ಡಬ್ಬಿಯಿಂದ ಒಂದು ಚಿಟಿಕೆ ಕದ್ದು, ಮುಖ ಅರಳಿಸಿಕೊಂಡು ಅಪ್ಪನಿಗೇ ತಂದುಕೊಡುತ್ತಿದ್ದಳು. ಅರ್ಧ ಗಂಟೆ ಕೂತು ಅಪ್ಪನ ತಲೆ ಬಾಚಿ 'ಚಂದ' ಮಾಡುತ್ತಿದ್ದಳು. ಅಪ್ಪ ದಿನಾ ನಡೆಯುವ ದಾರಿಯಲ್ಲಿ ಕೈ ಹಿಡಿದುಕೊಂಡು ಬಂದು, ಆಮೇಲೆ ಕೈ ಬಿಡಿಸಿಕೊಂಡು ಮುಂದೆ ಓಡಿ ಬುಗುರಿ ಹಾಗೆ ತಿರುಗುತ್ತಿದ್ದಳು. ಇದೆಲ್ಲಾ ಡಾರ್ವಿನ್ ಬರೆದಿಟ್ಟದ್ದು. ಅವಳು ಹೋದ ಒಂದು ವಾರಕ್ಕೆ, ಮರೆತುಹೋದೀತು ಅನ್ನುವ ಭಯದಿಂದ.

1850ರಿಂದ ಅವಳಿಗೆ ಹುಷಾರಿರಲಿಲ್ಲ. 1851ರ ಮಾರ್ಚಿನಲ್ಲಿ ಮಾಲ್ವರ್ನ್ ಎಂಬ ಊರಿಗೆ ನೀರಿನ ಚಿಕಿತ್ಸೆಗೆ ಕರೆದುಕೊಂಡು ಹೋದರು. ತನ್ನ ಕಾಯಿಲೆಗೆ ಅಲ್ಲಿ ಸ್ವಲ್ಪ ಗುಣ ಕಂಡಿತ್ತು ಅಂತ ಡಾರ್ವಿನ್ ಅಲ್ಲಿಯ ಡಾಕ್ಟರನ್ನು ನಂಬಿದ್ದ. ಎಮ್ಮಾ ಆಗ ತುಂಬಿದ ಬಸುರಿ, ಪ್ರಯಾಣ ಮಾಡುವ ಹಾಗಿರಲಿಲ್ಲ. ಏಪ್ರಿಲ್ ನಡುವೆ ಮಗುವಿಗೆ ಜೋರಾಯಿತು ಅಂತ ಕರೆ ಬಂದು ಡಾರ್ವಿನ್ ಓಡಿದ. ಅಲ್ಲಿಂದ ಮುಂದಿನ ದಿನಗಳಲ್ಲಿ ಹಾಸಿಗೆ ಪಕ್ಕ ಕೂತು ಹೆಂಡತಿಗೆ ಒಂದರ ಹಿಂದೆ ಒಂದು ಕಾಗದ ಬರೆದ. ಈಗ ಒಂದು ಚಮಚ ಗಂಜಿ ಕುಡಿದಳು, ಈಗ ವಾಂತಿ ಆಯಿತು, ಈಗ ಸ್ವಲ್ಪ ನಿದ್ದೆ. ಪ್ರಪಂಚದಲ್ಲಿ ಎಲ್ಲವನ್ನೂ ಗಮನವಿಟ್ಟು ನೋಡುವ ಕಣ್ಣು ಅದು. ಅದೇ ಕಣ್ಣಿನಿಂದ ಸ್ವಂತ ಮಗಳು ಸಾಯುವುದನ್ನು ನೋಡಬೇಕಾಯಿತು. ನೀರು ಕುಡಿಸಿದಾಗ ಮಗು ಥ್ಯಾಂಕ್ಸ್ ಹೇಳಿತು. ಅವಳ ಕೊನೆಯ ಮಾತುಗಳಲ್ಲಿ ಅದೂ ಒಂದು.

ಏಪ್ರಿಲ್ 23ರ ಮಧ್ಯಾಹ್ನ 12 ಗಂಟೆಗೆ ಆನಿ ಹೋದಳು. ವಯಸ್ಸು 10.

ಡಾರ್ವಿನ್ ಮಗಳ ಅಂತ್ಯಕ್ರಿಯೆಗೆ ನಿಲ್ಲಲಿಲ್ಲ. ಬಸುರಿ ಹೆಂಡತಿ ಮನೆಯಲ್ಲಿ ಒಬ್ಬಳೇ ಇದ್ದಾಳೆ ಅಂತ ಡೌನ್‌ಗೆ ಹೊರಟುಬಿಟ್ಟ. ಇನ್ನು ಮೇಲೆ ನಾವಿಬ್ಬರು ಒಬ್ಬರಿಗೊಬ್ಬರು ಇನ್ನೂ ಜಾಸ್ತಿ ಆಗಬೇಕು ಅಂತ ಕಾಗದದಲ್ಲಿ ಬರೆದಿದ್ದ. ಮೂರು ವಾರಕ್ಕೆ ಹೊರೇಸ್ ಹುಟ್ಟಿದ.

ಆನಿಯ ಬರೆಯುವ ಪೆಟ್ಟಿಗೆಯನ್ನು ಎಮ್ಮಾ ಎತ್ತಿಟ್ಟಳು. ಗರಿಯ ಪೆನ್ನು, ಸೂಜಿ, ಮಣಿ, ಅವಳ ಒಂದು ಎಳೆ ಕೂದಲು. 45 ವರ್ಷ, ತಾನು ಸಾಯುವವರೆಗೂ ಇಟ್ಟುಕೊಂಡಿದ್ದಳು. ನಮ್ಮಮ್ಮನ ಟ್ರಂಕಿನ ಅಡಿಯಲ್ಲಿ ಒಂದು ಪುಟ್ಟ ಹಸಿರು ಲಂಗ ಇತ್ತು. ನಾನು ಹುಟ್ಟುವ ಮುಂಚೆ ತೀರಿಕೊಂಡ ಅಕ್ಕನದು. ಅಮ್ಮ ಅವಳ ಬಗ್ಗೆ ಒಂದು ದಿನವೂ ಮಾತಾಡಲಿಲ್ಲ. ವರ್ಷಕ್ಕೊಮ್ಮೆ ಟ್ರಂಕಿನ ಬಟ್ಟೆ ಬಿಸಿಲಿಗೆ ಹಾಕುವಾಗ ಆ ಲಂಗವನ್ನೂ ಹಾಕುತ್ತಿದ್ದಳು, ಸಂಜೆ ಮಡಿಸಿ ಮತ್ತೆ ಅಡಿಗೇ ಇಡುತ್ತಿದ್ದಳು. ಎಮ್ಮಾಳ ಪೆಟ್ಟಿಗೆಯ ವಿಷಯ ಓದಿದ ದಿನ ನನಗೆ ನೆನಪಾದದ್ದು ಆ ಲಂಗ.

ಎಮ್ಮಾ ದೇವರನ್ನು ಗಟ್ಟಿಯಾಗಿ ನಂಬಿದವಳು. ಗಂಡನ ನಂಬಿಕೆ ನಿಧಾನವಾಗಿ ಕರಗುತ್ತಿದೆ ಅಂತ ಮದುವೆಯ ಹೊಸದರಲ್ಲೇ ಅವಳಿಗೆ ತಿಳಿದಿತ್ತು. ಸತ್ತ ಮೇಲೆ ನಾವಿಬ್ಬರು ಬೇರೆ ಬೇರೆ ಆಗಿಬಿಟ್ಟರೆ ಅಂತ ಅವಳ ಭಯ. ಎದುರಿಗೆ ಹೇಳಲಾರದೆ ಕಾಗದ ಬರೆದಳು. ನಾವು ಯಾವಾಗಲೂ ಒಬ್ಬರಿಗೊಬ್ಬರು ಸೇರಿದವರಲ್ಲ ಅನ್ನಿಸಿದರೆ ನನಗೆ ತುಂಬ ದುಃಖ ಆಗುತ್ತದೆ ಅಂತ. ಡಾರ್ವಿನ್ ಅವಳ ನಂಬಿಕೆಯನ್ನು ಬದಲಾಯಿಸಲು ಹೋಗಲಿಲ್ಲ, ತನ್ನ ವಿಚಾರವನ್ನೂ ಬಿಡಲಿಲ್ಲ. ಭಾನುವಾರ ಹೆಂಡತಿ ಮಕ್ಕಳ ಜೊತೆ ಚರ್ಚಿನವರೆಗೆ ನಡೆದು, ಅವರು ಒಳಗೆ ಹೋದ ಮೇಲೆ ತಾನು ಹೊಲದ ಕಡೆ ತಿರುಗುತ್ತಿದ್ದ. ಆ ಕಾಗದವನ್ನು ಜೋಪಾನವಾಗಿ ಇಟ್ಟುಕೊಂಡು, ಅದರ ಕೊನೆಯಲ್ಲಿ ತಾನೂ ಒಂದು ಸಾಲು ಬರೆದ. ನಾನು ಸತ್ತ ಮೇಲೆ ತಿಳಿದುಕೋ, ಎಷ್ಟೋ ಸಲ ಇದಕ್ಕೆ ಮುತ್ತಿಟ್ಟು ಅತ್ತಿದ್ದೇನೆ ಅಂತ.

1858ರ ಜೂನಿನ ಕತೆಯನ್ನು ಪಾಠದಲ್ಲಿ ನಾನು ಎಷ್ಟು ಸಲ ಹೇಳಿದ್ದೇನೋ. ದೂರದ ಮಲಯ ದ್ವೀಪಗಳಿಂದ ವ್ಯಾಲೇಸ್ ಎಂಬ ನಿಸರ್ಗವಿಜ್ಞಾನಿಯ ಕಾಗದ ಬಂತು, ಡಾರ್ವಿನ್ 20 ವರ್ಷದಿಂದ ಗುಟ್ಟಾಗಿ ಇಟ್ಟುಕೊಂಡಿದ್ದ ನೈಸರ್ಗಿಕ ಆಯ್ಕೆಯ ವಿಚಾರವೇ ಅದರಲ್ಲಿತ್ತು, ಜುಲೈ 1ರಂದು ಲಿನ್ನಿಯನ್ ಸೊಸೈಟಿ ಎಂಬ ಲಂಡನ್ನಿನ ವಿಜ್ಞಾನ ಸಂಘದಲ್ಲಿ ಇಬ್ಬರದನ್ನೂ ಒಟ್ಟಿಗೆ ಓದಿದರು ಅಂತ. ಡಾರ್ವಿನ್ ಆ ಸಭೆಗೆ ಏಕೆ ಹೋಗಲಿಲ್ಲ ಅಂತ ನಾನು ಹೇಳಿರಲಿಲ್ಲ. ಜೂನ್ 28ರಂದು ಅವನ ಕೊನೆಯ ಮಗು, ಇನ್ನೂ ಎರಡು ವರ್ಷ ತುಂಬದ ಚಾರ್ಲ್ಸ್ ವೇರಿಂಗ್, ಕೆಂಪುಜ್ವರದಲ್ಲಿ ಸತ್ತಿತ್ತು. ವಿಜ್ಞಾನದ ಚರಿತ್ರೆ ಬದಲಾದ ಆ ಹೊತ್ತಿನಲ್ಲಿ ಆ ಮನೆಯಲ್ಲಿ ಸೂತಕ.

ಸೋದರ ಸಂಬಂಧದಲ್ಲಿ ಮದುವೆ ಆದದ್ದರಿಂದಲೇ ಮಕ್ಕಳಿಗೆ ಹೀಗೆ ಆಗುತ್ತಿದೆಯೋ ಎಂಬ ಚಿಂತೆ ಅವನನ್ನು ಕಾಡುತ್ತಿತ್ತು. ಸ್ವಂತ ಮನೆಯ ಸಂಕಟವನ್ನು ಅವನು ಒಂದು ಪ್ರಶ್ನೆಯನ್ನಾಗಿ ಮಾಡಿಕೊಂಡ. 1871ರ ಜನಗಣತಿಯಲ್ಲಿ ಗಂಡ ಹೆಂಡತಿ ಸಂಬಂಧಿಕರೇ ಅಂತ ಕೇಳಬೇಕು ಎಂದು ಪಕ್ಕದ ಮನೆಯ, ಪಾರ್ಲಿಮೆಂಟ್ ಸದಸ್ಯ ಲಬಕ್ ಮೂಲಕ ಪ್ರಯತ್ನಿಸಿದ. ಪಾರ್ಲಿಮೆಂಟ್ ಒಪ್ಪಲಿಲ್ಲ. ಮುಂದೆ ಮಗ ಜಾರ್ಜ್ ಅದನ್ನು ಕೈಗೆತ್ತಿಕೊಂಡ. ಅಕ್ಕನ ಮಗಳು, ಮಾವನ ಮಗಳು ಅಂತ ಇವತ್ತಿಗೂ ತರುವ ನಮ್ಮ ಕಡೆ ಈ ಪ್ರಶ್ನೆ ಹಳತಾಗಿಲ್ಲ.

ಮನೆ ನೋಡಿ ಮುಗಿಸಿ ನಾವು ಹಿತ್ತಿಲ ಕಡೆ ಹೋದೆವು. ಮಕ್ಕಳ ಕೋಣೆಯ ಕಿಟಕಿಗೆ ಎದುರಾಗಿದ್ದ ಹಿಪ್ಪುನೇರಳೆ ಮರ ಊರುಗೋಲು ಕೊಟ್ಟ ಅಜ್ಜನ ಹಾಗೆ ಇನ್ನೂ ನಿಂತಿದೆ. ಅಲ್ಲಿಂದ ಮುಂದೆ ಸ್ಯಾಂಡ್‌ವಾಕ್. 1846ರಲ್ಲಿ ಲಬಕ್ ಮನೆಯವರಿಂದ ಒಂದೂವರೆ ಎಕರೆಯಷ್ಟು ಜಾಗ ಬಾಡಿಗೆಗೆ ಹಿಡಿದು, ಹೇಜಲ್, ಬರ್ಚ್, ಹಾಲಿ ಮರಗಳನ್ನು ನೆಡಿಸಿ, ಸುತ್ತ ಮರಳು ಹಾಸಿ ಮಾಡಿದ ದಾರಿ. ದಿನಾ ಮಧ್ಯಾಹ್ನ ಅಲ್ಲಿ ಸುತ್ತು ಹಾಕುತ್ತಿದ್ದ. ಎಷ್ಟು ಸುತ್ತಾಯಿತು ಅಂತ ಲೆಕ್ಕ ಇಡಲು ದಾರಿ ಬದಿಗೆ ಬೆಣಚು ಕಲ್ಲುಗಳನ್ನು ಇಟ್ಟು, ಸುತ್ತಿಗೊಂದರಂತೆ ಕಾಲಿನಲ್ಲಿ ತಳ್ಳುತ್ತಿದ್ದ. ಕೆಲವು ಸಲ ಮರದಂತೆ ಅಲ್ಲಾಡದೆ ನಿಂತುಬಿಡುತ್ತಿದ್ದ. ಒಮ್ಮೆ ಅಳಿಲಿನ ಮರಿಗಳು ಅವನ ಕಾಲು ಹತ್ತಿ ಬೆನ್ನ ಮೇಲೆ ಓಡಾಡಿದವು, ತಾಯಿ ಅಳಿಲು ಮರದ ಮೇಲಿಂದ ಸಂಕಟಪಟ್ಟು ಕೂಗುತ್ತಿತ್ತು ಅಂತ ಮಗ ಫ್ರಾನ್ಸಿಸ್ ಬರೆದಿದ್ದಾನೆ.

ಮಗಳು ಮೊಮ್ಮಗನ ತಳ್ಳುಗಾಡಿ ತಳ್ಳಿಕೊಂಡು ಮುಂದೆ ಹೋದಳು. ಎಲೆಗಳು ಹಳದಿಯಾಗಿ ಉದುರಿದ್ದವು. ಆನಿ ತಿರುಗುತ್ತಿದ್ದದ್ದು ಇಲ್ಲೇ ಅಲ್ವಾ ಅಂತ ಮಗಳು ಹಿಂತಿರುಗಿ ಕೇಳಿದಳು. ನನಗೆ ಮಾತಾಡಲು ಆಗಲಿಲ್ಲ, ತಲೆ ಆಡಿಸಿದೆ.

ಫ್ರಾನ್ಸಿಸ್ ಹೆಸರು ನನ್ನ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಗಿಡಗಳು ಬೆಳಕಿನ ಕಡೆ ಬಾಗುವ ಪಾಠದಲ್ಲಿ 'ಚಾರ್ಲ್ಸ್ ಡಾರ್ವಿನ್ ಮತ್ತು ಅವನ ಮಗ ಫ್ರಾನ್ಸಿಸ್' ಅಂತ ಒಂದು ಸಾಲು ಬರುತ್ತದೆ. ಕ್ಯಾನರಿ ಹುಲ್ಲಿನ ಮೊಳಕೆಯ ತುದಿಗೆ ಟೋಪಿ ಹಾಕಿ ಬೆಳಕು ಮುಚ್ಚಿದರೆ ಮೊಳಕೆ ಬಾಗುವುದಿಲ್ಲ, ಅಂದರೆ ಬೆಳಕನ್ನು ಅರಿಯುವುದು ತುದಿ ಅಂತ ಇಬ್ಬರೂ ತೋರಿಸಿಕೊಟ್ಟರು. ಮುಂದೆ ಆಕ್ಸಿನ್ ಎಂಬ ಹಾರ್ಮೋನು ಸಿಕ್ಕಿದ್ದಕ್ಕೆ ಇದೇ ಮೊದಲ ಹೆಜ್ಜೆ. ಆ ಸಾಲಿನ 'ಮಗ' ಎಂಬ ಮಾತಿನ ಮೇಲೆ ನಾನು ಒಂದು ಕ್ಷಣವೂ ನಿಲ್ಲಲಿಲ್ಲ. ಫ್ರಾನ್ಸಿಸ್ ಅಪ್ಪನ ಜೊತೆ ಕೆಲಸಕ್ಕೆ ಕೂತಾಗ ಅವನ ಬದುಕು ಮುರಿದುಬಿದ್ದಿತ್ತು. 1876ರಲ್ಲಿ ಹೆಂಡತಿ ಏಮಿ ಹೆರಿಗೆಯಲ್ಲಿ ತೀರಿಕೊಂಡಳು. ಎಳೆಗೂಸು ಬರ್ನಾರ್ಡ್‌ನನ್ನು ಎತ್ತಿಕೊಂಡು ಅವನು ಅಪ್ಪನ ಮನೆಗೆ ವಾಪಸ್ ಬಂದ. ಎಮ್ಮಾಗೆ ಆಗ 68. ಆ ವಯಸ್ಸಿನಲ್ಲಿ ಮತ್ತೆ ಕೂಸು ಸಾಕಿದಳು. ಅಪ್ಪ ಮಗ ಇಬ್ಬರೂ ಕಿಟಕಿ ಹತ್ತಿರ ಕೂತು ಮೊಳಕೆ ನೋಡಿದರು. ಆ ಪುಸ್ತಕ ಬಂದದ್ದು 1880ರಲ್ಲಿ. ಮಗನನ್ನು ಮತ್ತೆ ಬದುಕಿನ ಕಡೆ ತಿರುಗಿಸಲು ಅಪ್ಪನಿಗೆ ಗೊತ್ತಿದ್ದ ದಾರಿ ಅದೇ ಇರಬೇಕು ಅಂತ ನನಗೆ ಈಗ ಅನ್ನಿಸುತ್ತದೆ.

ರಾತ್ರಿ ಊಟ ಆದ ಮೇಲೆ ಗಂಡ ಹೆಂಡತಿ ನಮ್ಮ ಪಗಡೆಯ ತರದ ಬ್ಯಾಕ್‌ಗ್ಯಾಮನ್ ಎರಡು ಆಟ ಆಡುತ್ತಿದ್ದರು. ಗೆದ್ದ ಸೋತ ಲೆಕ್ಕವನ್ನೂ ಅವನು ಇಟ್ಟಿದ್ದ. 1876ರಲ್ಲಿ ಅಮೆರಿಕದ ಗೆಳೆಯ ಏಸಾ ಗ್ರೇಗೆ ಬರೆದ ಕಾಗದದಲ್ಲಿದೆ: ಪಾಪ, ಅವಳು ಗೆದ್ದದ್ದು 2,490, ನಾನು ಗೆದ್ದದ್ದು 2,795. ಹುರ್ರಾ ಅಂತ ಎರಡು ಸಲ ಬರೆದಿದ್ದಾನೆ.

ಮತ್ತೆ ಎರೆಹುಳುವಿಗೆ ಬರುತ್ತೇನೆ. ಮಾವ ಹೊಲದಲ್ಲಿ ತೋರಿಸಿದ್ದನ್ನು ಡಾರ್ವಿನ್ ಬಿಟ್ಟಿರಲಿಲ್ಲ. ಡೌನ್‌ಗೆ ಬಂದ ವರ್ಷವೇ, 1842ರ ಡಿಸೆಂಬರಿನಲ್ಲಿ, ಮನೆ ಹತ್ತಿರದ ಒಂದು ಹೊಲದ ಮೇಲೆ ಸೀಮೆಸುಣ್ಣದ ಚೂರುಗಳನ್ನು ಹರಡಿಸಿದ. ಆಮೇಲೆ ಕಾದ. ಬಾರ್ನಕಲ್ ಮುಗಿಸಿದ, ಮಕ್ಕಳು ಹುಟ್ಟಿದರು, ಸತ್ತರು, ದೊಡ್ಡವರಾದರು, ಪ್ರಪಂಚವೆಲ್ಲಾ ಅವನ ಮೇಲೆ ಜಗಳಕ್ಕೆ ಬಂತು. 29 ವರ್ಷದ ಮೇಲೆ, 1871ರ ನವೆಂಬರಿನಲ್ಲಿ ಅಲ್ಲಿ ಅಗೆಸಿದ. ಬಿಳಿ ಚೂರುಗಳ ಗೆರೆ 7 ಇಂಚು ಕೆಳಗಿತ್ತು.

ಅದಕ್ಕಿಂತ ನನಗೆ ಇಷ್ಟವಾದದ್ದು ಇನ್ನೊಂದು ಹೊಲ. 1841ರಲ್ಲಿ ಕೊನೆಯ ಸಲ ಉತ್ತು ಬಿಟ್ಟದ್ದು, ತುಂಬಾ ಬೆಣಚು ಕಲ್ಲು. ಅದಕ್ಕೆ ಮನೆಯವರು 'ಕಲ್ಲು ಹೊಲ' ಅಂತಲೇ ಹೆಸರಿಟ್ಟಿದ್ದರು. ಗಂಡುಮಕ್ಕಳು ಇಳಿಜಾರಿನಲ್ಲಿ ಓಡಿದರೆ ಕಾಲ ಕೆಳಗೆ ಕಲ್ಲುಗಳು ಗಲಗಲ ಸದ್ದು ಮಾಡುತ್ತಿದ್ದವು. ಈ ದೊಡ್ಡ ಕಲ್ಲುಗಳು ಮುಚ್ಚಿಹೋಗುವುದನ್ನು ನಾನು ಬದುಕಿ ನೋಡುತ್ತೇನೋ ಇಲ್ಲವೋ ಅಂತ ಅನುಮಾನಪಟ್ಟದ್ದು ನೆನಪಿದೆ ಅಂತ ಬರೆಯುತ್ತಾನೆ. 30 ವರ್ಷಕ್ಕೆ ಒಂದು ಕುದುರೆ ಆ ಹೊಲದ ಈ ತುದಿಯಿಂದ ಆ ತುದಿಗೆ ಓಡಿದರೂ ಲಾಳಕ್ಕೆ ಒಂದು ಕಲ್ಲು ತಗಲುತ್ತಿರಲಿಲ್ಲ. ಓಡುತ್ತಿದ್ದ ಹುಡುಗರು ಅಷ್ಟು ಹೊತ್ತಿಗೆ ಮೀಸೆ ಬಂದ ಗಂಡಸರು. ಮಣ್ಣಿನ ಲೆಕ್ಕವನ್ನು ಅವನು ಮಕ್ಕಳ ಕಾಲಿನ ಸದ್ದಿನಿಂದ ಹಿಡಿದಿಟ್ಟಿದ್ದ.

ಕೊನೆಯ ವರ್ಷಗಳಲ್ಲಿ ಎರೆಹುಳು ಮನೆಯೊಳಗೇ ಬಂತು. ಕುಂಡಗಳಲ್ಲಿ ಮಣ್ಣು ತುಂಬಿ ಹುಳ ಬಿಟ್ಟು ಓದುವ ಕೋಣೆಯಲ್ಲಿ ಇಟ್ಟುಕೊಂಡ. ಅವಕ್ಕೆ ಕಿವಿ ಕೇಳುತ್ತದೆಯೇ ಅಂತ ನೋಡಲು ಮನೆಯವರೆಲ್ಲ ಸೇರಿದರು. ಸೀಟಿ ಊದಿದರು, ಫ್ರಾನ್ಸಿಸ್ ಬಸೂನ್ ಎಂಬ ದಪ್ಪ ಸ್ವರದ ವಾದ್ಯ ನುಡಿಸಿದ, ಎಮ್ಮಾ ಪಿಯಾನೊ ಜೋರಾಗಿ ನುಡಿಸಿದಳು. ಎಮ್ಮಾ ಹುಡುಗಿಯಾಗಿದ್ದಾಗ ಶೊಪಾನ್‌ನಂಥ ಸಂಗೀತಗಾರನ ಹತ್ತಿರ ಪಾಠ ಹೇಳಿಸಿಕೊಂಡವಳು. ಹುಳಗಳು ಯಾವುದಕ್ಕೂ ಅಲುಗಲಿಲ್ಲ. ಕುಂಡವನ್ನು ಪಿಯಾನೊ ಮೇಲೇ ಇಟ್ಟು ಒಂದು ಸ್ವರ ಒತ್ತಿದರೆ ಮಾತ್ರ ಸರ್ ಅಂತ ಬಿಲದೊಳಗೆ ಹೋದವು. ಕಿವಿ ಇಲ್ಲ, ಆದರೆ ನಡುಕ ತಿಳಿಯುತ್ತದೆ.

ಅವಕ್ಕೆ ಬುದ್ಧಿ ಇದೆಯೇ ಅಂತಲೂ ನೋಡಿದ. ಬಿಲದ ಬಾಯಿ ಮುಚ್ಚಲು ಎಲೆ ಎಳೆದುಕೊಳ್ಳುತ್ತವಲ್ಲ, ಯಾವ ಕಡೆಯಿಂದ ಎಳೆಯುತ್ತವೆ? ಬಿಲಗಳಿಂದ ಕಿತ್ತ 227 ಒಣಗಿದ ಎಲೆಗಳಲ್ಲಿ 181 ಚೂಪಾದ ತುದಿಯಿಂದ ಒಳಗೆ ಹೋಗಿದ್ದವು. ಎಲೆಯ ಅಭ್ಯಾಸದಿಂದ ಹೀಗೆ ಮಾಡುತ್ತವೋ ಏನೋ ಅಂತ ಕಾಗದವನ್ನು ತ್ರಿಕೋನಗಳಾಗಿ ಕತ್ತರಿಸಿ ಹಾಕಿದ. 303 ತ್ರಿಕೋನಗಳಲ್ಲಿ ನೂರಕ್ಕೆ 62 ಚೂಪು ಮೂಲೆಯಿಂದಲೇ ಹೋದವು. ಸುಮ್ನೆ ಸಿಕ್ಕ ಕಡೆ ಹಿಡಿದು ಎಳೆಯುವುದಿಲ್ಲ, ಆಕಾರ ನೋಡಿ ತೀರ್ಮಾನ ಮಾಡುತ್ತವೆ ಅಂತ ಅವನಿಗೆ ಖಾತ್ರಿಯಾಯಿತು. 70 ದಾಟಿದ, ಪ್ರಪಂಚವೇ ಹೊಗಳುವ ಮುದುಕ ರಾತ್ರಿ ದೀಪ ಹಿಡಿದು ಹುಳಗಳ ಮುಂದೆ ಕೂತು ಇದನ್ನೆಲ್ಲ ಬರೆದುಕೊಂಡ. ಇದನ್ನು ನಾನು ಓದುವಾಗ ಕಣ್ಣಲ್ಲಿ ನೀರು ಬಂದಿತ್ತು.

ಆ ಪುಸ್ತಕ 1881ರ ಅಕ್ಟೋಬರಿನಲ್ಲಿ ಬಂತು. ಮಾವ ತೋರಿಸಿ 44 ವರ್ಷ ಆಗಿತ್ತು. ಇಂಗ್ಲೆಂಡಿನ ಎಷ್ಟೋ ಕಡೆ ಒಂದು ಎಕರೆಯಲ್ಲಿ ವರ್ಷಕ್ಕೆ 10 ಟನ್ನಿಗಿಂತ ಜಾಸ್ತಿ ಮಣ್ಣು ಎರೆಹುಳುಗಳ ಹೊಟ್ಟೆಯ ಮೂಲಕ ಹಾದು ಮೇಲೆ ಬರುತ್ತದೆ ಅಂತ ಅದರಲ್ಲಿ ಲೆಕ್ಕ ಹಾಕಿದ್ದಾನೆ. ನೇಗಿಲು ಬಹಳ ಹಳೆಯ ವಸ್ತು, ಆದರೆ ಮನುಷ್ಯ ಹುಟ್ಟುವ ಮುಂಚಿನಿಂದಲೂ ನೆಲವನ್ನು ಎರೆಹುಳು ಉಳುತ್ತಿತ್ತು ಅನ್ನುತ್ತಾನೆ. ಆ ಪುಸ್ತಕದಲ್ಲಿ ನಮ್ಮ ಪಕ್ಕದ ನೀಲಗಿರಿ ಬೆಟ್ಟದ ಎರೆಹುಳುವಿನ ಹಿಕ್ಕೆಯ ಚಿತ್ರವೂ ಇದೆ. ಕಲ್ಕತ್ತಾ ಸಸ್ಯೋದ್ಯಾನದ ಡಾ. ಕಿಂಗ್ ಅದನ್ನು ಒದಗಿಸಿದ್ದರು. ತೀರ್ಥಹಳ್ಳಿ ಕಡೆಯ ನಮ್ಮ ತೋಟದಲ್ಲಿ ಮಳೆ ಬಿಟ್ಟ ಬೆಳಿಗ್ಗೆ ಅಪ್ಪ ಅಂಥ ಹಿಕ್ಕೆಯ ಗುಪ್ಪೆಗಳನ್ನು ತುಳಿಯದೆ ದಾಟುತ್ತಿದ್ದ. ಹಿಕ್ಕೆ ಇರೋ ಕಡೆ ಮಣ್ಣು ಚೆನ್ನಾಗಿದೆ ಅಂತ ಲೆಕ್ಕ. ಆ ಬೆಟ್ಟದ ಹುಳುವಿನ ಹಿಕ್ಕೆಯನ್ನು ಡೌನ್ ಹೌಸ್‌ನ ಈ ಮುದುಕನೂ ನೋಡಿದ್ದ ಅಂತ ತಿಳಿದಾಗ, ದೂರದ ನೆಂಟ ಒಬ್ಬ ಸಿಕ್ಕ ಹಾಗಾಯಿತು.

ಹುಲ್ಲುಹಾಸಿನ ಮೇಲೆ ಬೀಸುಕಲ್ಲಿನ ಹಾಗೆ ನಡುವೆ ತೂತು ಇರುವ ಒಂದು ದುಂಡು ಕಲ್ಲಿದೆ. ಎರೆಹುಳು ಮಣ್ಣು ತೆಗೆದಂತೆಲ್ಲ ಕಲ್ಲು ಎಷ್ಟು ಇಳಿಯುತ್ತದೆ ಅಂತ ಅಳೆಯಲು ಮಾಡಿದ್ದು. ಅಳತೆಯ ಉಪಕರಣ ಮಾಡಿದವನು ಹೊರೇಸ್. ಆನಿ ಹೋದ ಮೂರು ವಾರಕ್ಕೆ ಹುಟ್ಟಿದನಲ್ಲ, ಅವನೇ. ಅಪ್ಪ ಸತ್ತ ಮೇಲೂ ವರ್ಷಗಟ್ಟಲೆ ಅಳೆದ. ವರ್ಷಕ್ಕೆ ಎರಡು ಮಿಲಿಮೀಟರಿನಷ್ಟು ಇಳಿಯುತ್ತಿತ್ತು.

1882ರ ಏಪ್ರಿಲ್ 19ರಂದು ಡಾರ್ವಿನ್ ಅದೇ ಮನೆಯಲ್ಲಿ ಎಮ್ಮಾಳ ಕೈಯಲ್ಲಿ ತೀರಿಕೊಂಡ. ಸಾಯಲು ನನಗೆ ಸ್ವಲ್ಪವೂ ಭಯ ಇಲ್ಲ ಅಂದ. ನೀನು ನನಗೆ ಎಂಥ ಒಳ್ಳೆ ಹೆಂಡತಿ ಆಗಿದ್ದೆ ಅಂತ ನೆನಪಿಟ್ಟುಕೋ ಅಂದ. ಮಕ್ಕಳು ನನ್ನನ್ನು ಎಷ್ಟು ಚೆನ್ನಾಗಿ ನೋಡಿಕೊಂಡರು ಅಂತ ಅವರೆಲ್ಲರಿಗೂ ಹೇಳು ಅಂದ. ಕೊನೆಯ ವರ್ಷಗಳಲ್ಲಿ ಅವನ ಕಾಲ ಬಳಿಯೇ ಇರುತ್ತಿದ್ದ ನಾಯಿ ಪಾಲಿ ಕೆಲವೇ ದಿನಕ್ಕೆ ಸತ್ತಿತು. ಅದನ್ನು ತೋಟದ ಸೇಬಿನ ಮರದ ಕೆಳಗೆ ಮಣ್ಣು ಮಾಡಿದರು.

ಡೌನ್ ಚರ್ಚಿನ ಅಂಗಳದಲ್ಲಿ, ಸತ್ತ ಮಕ್ಕಳ ಹತ್ತಿರ, ತಾನೂ ಮಲಗಬೇಕು ಅಂತ ಅವನಿಗೆ ಆಸೆ ಇತ್ತು. ದೇಶ ಕೇಳಲಿಲ್ಲ. ಏಪ್ರಿಲ್ 26ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ, ಕಲ್ಲುಹಾಸಿನ ಕೆಳಗೆ ಇಟ್ಟರು. ಎಮ್ಮಾ ಅಲ್ಲಿಗೆ ಹೋಗಲಿಲ್ಲ. ಡೌನ್‌ನಲ್ಲೇ ಉಳಿದಳು. ಆಮೇಲೆ ಚಳಿಗಾಲ ಕೇಂಬ್ರಿಡ್ಜ್‌ನಲ್ಲಿ ಮಕ್ಕಳ ಹತ್ತಿರ ಕಳೆದು, ಬೇಸಿಗೆ ಬಂದ ಕೂಡಲೇ ಡೌನ್‌ಗೆ ವಾಪಸ್ ಬರುತ್ತಿದ್ದಳು. ಹಾಗೆ 14 ವರ್ಷ. 1896ರಲ್ಲಿ ಇಲ್ಲೇ ತೀರಿಕೊಂಡಳು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಚರ್ಚಿನ ಅಂಗಳಕ್ಕೆ ಹೋಗಿ ಎಮ್ಮಾಳ ಸಮಾಧಿ ಹುಡುಕಿದೆವು. ಹಿಂದಿನ ರಾತ್ರಿ ಮಳೆ ಬಂದಿತ್ತು. ಕಲ್ಲಿನ ಅಂಚಿಗೆ ಹುಲ್ಲು ಒತ್ತೊತ್ತಾಗಿ ಬೆಳೆದಿತ್ತು. ಹುಲ್ಲಿನ ನಡುವೆ ಅಲ್ಲಲ್ಲಿ ಎರೆಹುಳುವಿನ ಹಿಕ್ಕೆ, ಇನ್ನೂ ಹಸಿ. ಮೊಮ್ಮಗ ಗಾಡಿಯಲ್ಲಿ ಎದ್ದು ಅಳಲು ಶುರು ಮಾಡಿದ. ನಾನು ಅಪ್ಪನ ಹಾಗೆ, ಹಿಕ್ಕೆಗಳನ್ನು ತುಳಿಯದೆ ದಾಟಿ ಅವನನ್ನು ಎತ್ತಿಕೊಂಡೆ.